ಜಾನ್ ದೊರೆ ಮತ್ತು ನನ್ನ ರಿನ್ಯೂವಲ್

ನಾನು ಮೊದಲೇ ಪುಕ್ಕಲು. ಹೆದರುವವರ ಮೇಲೆ ಹಾವು ಎಸೆದ ಹಾಗೆ ಇಂಥವೆಲ್ಲ ನನಗೇ ಆಗುತ್ತಿರುತ್ತವೆ. ಮನೆ ಹಿಂದೂಪುರದಲ್ಲಿ, ಕೆಲಸ ಕಲ್ಯಾಣದುರ್ಗದ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ಗುತ್ತಿಗೆಯ ಇತಿಹಾಸ ಮೇಷ್ಟ್ರು. ಆ ವರ್ಷ ಇನ್ಸ್‌ಪೆಕ್ಟರ್ ಬಂದು ಪಾಠ ಕೇಳಿ ಒಪ್ಪಿದರಷ್ಟೇ ರಿನ್ಯೂವಲ್ ಎಂದಿದ್ದರು. ಪಾಠವೋ, ಇಂಗ್ಲೆಂಡಿನ ರಾಜರು ಪ್ರಜೆಗಳ ಮಾತಿಗೆ ಬಗ್ಗಿದ ಕಥೆ. ಹದಿನೈದು ದಿನ ನನಗೆ ಊಟವೇ ಸೇರಲಿಲ್ಲ.

೧. ಜೀಪಿನಲ್ಲಿ

ಸೋಮವಾರ ಬೆಳಿಗ್ಗೆ ಶೇರ್ ಜೀಪಿನಲ್ಲಿ ಕೂತು ಪಾಠ ಉರು ಹೊಡೆಯುತ್ತಿದ್ದೆ: "ಪಾಳೇಗಾರರೆಲ್ಲ ಕತ್ತಿ ಹಿಡಿದು ಬಂದರು. ಹಕ್ಕು ಕೇಳಲು ಜಾನ್ ದೊರೆಯನ್ನು ಬಯಲಲ್ಲಿ ಅಡ್ಡಗಟ್ಟಿದರು."

ಪಕ್ಕದಲ್ಲಿದ್ದ ಸೆಟ್ಟೂರಿನ ಅಜ್ಜಿ ಗಾಬರಿಯಾದರು. "ಯಾವೂರಾಗಪ್ಪ ಗಲಾಟೆ?"

"ಇಂಗ್ಲೆಂಡ್ನಲ್ಲಿ ಅಜ್ಜಿ."

ಅಜ್ಜಿ ಡ್ರೈವರನ ಭುಜ ತಟ್ಟಿದರು. "ಏ ಅಪ್ಪಯ್ಯ, ಇಂಗ್ಲೆಂಡ್ ಮ್ಯಾಲೆ ಹೋಗ್ಬ್ಯಾಡ ಕಣ್ಲಾ, ಅಲ್ಲಿ ಗಾಡಿ ನಿಲ್ಲಿಸ್ತಾವ್ರಂತೆ!"

ಡ್ರೈವರ್ ತಿರುಗಿಯೂ ನೋಡಲಿಲ್ಲ. "ಅದಿ ಮನ ರೂಟು ಕಾದು ಅವ್ವಾ!" ಇಂಗ್ಲೆಂಡು ಅವನ ರೂಟೇ ಅಲ್ಲವಂತೆ.

೨. ಬೆಂಚಿನ ಪಾರ್ಲಿಮೆಂಟು

ಅದೇ ಪಾಠದಲ್ಲಿ ಮುಂದೆ ಎಡ್ವರ್ಡ್ ದೊರೆ ಬರುತ್ತಾನೆ. ಅವನು ಊರಿಗೆ ಇಬ್ಬರಂತೆ ಪ್ರತಿನಿಧಿಗಳನ್ನು ಕರೆಸಿ, ಅವರನ್ನು ಕೇಳಿ ತೆರಿಗೆ ಹಾಕಿದ. ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಎಂದು, ಬೆಂಚಿಗೆ ಇಬ್ಬರು ಪ್ರತಿನಿಧಿಗಳನ್ನು ಆರಿಸಿ ಎಂದು ಮಕ್ಕಳಿಗೆ ಹೇಳಿದೆ. ಇನ್ಸ್‌ಪೆಕ್ಟರ್ ಮೆಚ್ಚುತ್ತಾರೆ ಎಂಬ ಆಸೆಯೂ ಇತ್ತು. ಹತ್ತು ನಿಮಿಷಕ್ಕೆ ಮೂಲೆಯ ಬೆಂಚಿನಿಂದ ಅಳು ಕೇಳಿಸಿತು. ಅಲ್ಲಿಗೆ ಓಡಿದೆ.

"ಏನಾಯ್ತೋ?"

"ನಮ್ ಬೆಂಚ್ನಾಗೆ ಮೂರೇ ಜನ ಸಾರ್. ಇವ್ರಿಬ್ರೂ ಪ್ರತಿನಿಧಿ ಆಗ್ಬುಟ್ರು. ಇಬ್ರೂ ಒಪ್ಕಂಡು ನನ್ ಕಡ್ಲೆಕಾಯಿ ಮ್ಯಾಲೆ ತೆರಿಗೆ ಹಾಕ್ಬುಟ್ರು. ಪ್ರಜೆ ನಾನೊಬ್ನೇ!"

೩. ಇನ್ಸ್‌ಪೆಕ್ಟರ್ ಬಂದರು

ಬಂದೇಬಿಟ್ಟರು. ಅಪ್ಪಟ ತೆಲುಗಿನವರು, ಗಂಟುಮುಖ. ಕೈಯಲ್ಲಿ ನನ್ನ ರಿನ್ಯೂವಲ್ ಫಾರಂ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಮಾತಾಡುವ ಬದಲು ಬೋರ್ಡಿಗೆ ತಿರುಗಿ ಬರೆಯತೊಡಗಿದೆ. "ಜಾನ್ ದೊರೆಯು ಪಾಳೇಗಾರರ ಮುಂದೆ ಹಕ್ಕುಪತ್ರಕ್ಕೆ ಮುದ್ರೆ ಹಾಕಿದನು" ಎಂದು ಬರೆಯಬೇಕಿತ್ತು. ಅವಸರದಲ್ಲಿ ಹಕ್ಕುಪತ್ರ ಬಿಟ್ಟೇಹೋಯಿತು, ಒತ್ತಕ್ಷರವೂ ತಪ್ಪಿತು. ತಿರುಗಿ ನೋಡಿದರೆ ಬೋರ್ಡಿನಲ್ಲಿ ಇದ್ದದ್ದು: "ಜಾನ್ ದೊರೆಯು ಪಾಳೇಗಾರರ ಮುಂದೆ ಮುದ್ದೆ ಹಾಕಿದನು."

ಇನ್ಸ್‌ಪೆಕ್ಟರ್ ಎದ್ದು ನಿಂತರು. ಕನ್ನಡ ಅಕ್ಷರ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು: "ಇದೇಂಟಮ್ಮಾ? ರಾಜು ಮುದ್ದ ವೇಶಾಡಾ?" ರಾಜ ಮುದ್ದೆ ಹಾಕಿದನಾ ಅಂತ.

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಹುಡುಗಿ ಬೋರ್ಡು ನೋಡಿದಳು, ಬೆವರುತ್ತಿದ್ದ ನನ್ನನ್ನು ನೋಡಿದಳು.

"ಔದು ಸಾರ್. ಪಾಳೇಗಾರ್ರು ದೂರದಿಂದ ಹಸ್ಕಂಡು, ಕೋಪ ಮಾಡ್ಕಂಡು ಬಂದಿದ್ರು. ಹಸ್ದೋರ ತಾವ ಮಾತಾಡಾಕಾಯ್ತದಾ? ಅದ್ಕೇ ಮೊದ್ಲು ಮುದ್ದೆ ಹಾಕ್ದ. ಉಂಡಮ್ಯಾಕೆ ಮುದ್ರೆ ಹಾಕ್ದ."

ಇನ್ಸ್‌ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಾರಂ ಮೇಲೆ ಅಲ್ಲೇ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ನನಗೆ ಕಣ್ಣು ತುಂಬಿ ಬಂತು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ನಿಂತು, ಈ ಸಲ ಕನ್ನಡದಲ್ಲೇ ಹುಡುಗಿಯನ್ನು ಕೇಳಿದರು: "ಅದ್ಸರಿ ಕಣಮ್ಮ, ಮುದ್ದೆಗೆ ಏನು ಸಾರು ಮಾಡ್ಸಿದ್ದ?"

ಹುಡುಗಿ ಕೈಕಟ್ಟಿ ನಿಂತು ಹೇಳಿದಳು: "ಅದು ಸಿಲಬಸ್‌ನಾಗಿಲ್ಲ ಸಾರ್."