ಕರ್ನಲ್‌ನ ಹಲ್ಲುನೋವಿಗೆ ಸೊನ್ನೆ ಕೊಟ್ಟ ಯಂತ್ರ ಮಹಾಶಯರಿಗೆ

ಮಾನ್ಯರೇ,

ವಿಲಾಚಲ್ಲದಲ್ಲಿ ಹೊರೆಗೂ ಉಣ್ಣೆಗೂ ಲಾಮಾ ಪ್ರಾಣಿಗಳನ್ನು ಸಾಕುವವರ ಸಂಘದ ಪರವಾಗಿ, ಈ ಎತ್ತರದಲ್ಲಿ ಮನುಷ್ಯನಿಗೆ ಉಳಿಯುವಷ್ಟು ಉಸಿರಿನಲ್ಲಿ ಹಿಡಿಸುವಷ್ಟು ಗೌರವವನ್ನೆಲ್ಲ ತುಂಬಿಕೊಂಡು, ಸಂಘದ ಕಾರ್ಯದರ್ಶಿಯಾದ ನಾನು ತಮಗೆ ವಂದಿಸುತ್ತೇನೆ. ತಾವು ದೋನ್ಯಾ ಬಾಸಿಲಿಯಾ ಹುವಾರಾಚಿಯವರ ದೊಡ್ಡಿಯ ಬಾಗಿಲಲ್ಲಿ, ಕಬ್ಬಿಣದ ಕಂಬದ ಮೇಲೆ, ಸರಿಯಾಗಿ ಲಾಮಾದ ಮುಖದೆತ್ತರಕ್ಕೆ ಪಶುಸಂಗೋಪನಾ ಇಲಾಖೆಯಿಂದ ಸ್ಥಾಪಿತರಾಗಿ ಇಂದಿಗೆ ಒಂದು ತಿಂಗಳಾಯಿತು. ನಮ್ಮ ಅಹವಾಲಿಗೆ ಕಿವಿಗೊಡಿ ಎಂದು ಕೇಳುವ ಧೈರ್ಯ ನನಗಿಲ್ಲ. ತಮಗಿರುವುದು ಒಂದೇ ಒಂದು ಕಣ್ಣು, ಕಿವಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಈ ಪತ್ರವನ್ನು ದಪ್ಪ ಅಕ್ಷರಗಳಲ್ಲಿ ಬರೆದು ತಮ್ಮ ಕಣ್ಣೆದುರಿಗೇ ಅಂಟಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಸ್ತುತಿ. ಕಂಡದ್ದನ್ನು ಹೇಳಿದರೂ ಅದು ಮುಖಸ್ತುತಿಯೇ ಆಗುತ್ತದೆ, ಏಕೆಂದರೆ ತಮ್ಮ ವ್ಯವಹಾರವೆಲ್ಲ ಮುಖದ ಜೊತೆಗೇ. ಕಿವಿ, ಕಣ್ಣು, ಮೂಗಿನ ಹೊಳ್ಳೆ, ತುಟಿ, ದವಡೆ ಎಂಬ ಐದು ಠಾಣೆಗಳನ್ನು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಹಾಕಿ, ಹತ್ತಕ್ಕೆ ಇಷ್ಟು ನೋವು ಎಂದು ತಾವು ಕ್ಷಣದಲ್ಲಿ ಸಾರುತ್ತೀರಿ. ಆರು ಮುಟ್ಟಿದರೆ ಎರಡು ಗಂಟೆ ದಾರಿಯ ಪಟ್ಟಣದಲ್ಲಿರುವ ಪಶುವೈದ್ಯ ಡಾಕ್ಟರ್ ಗ್ರೋವರ್ ಅವರ ಫೋನು ಕೂಗುತ್ತದೆ, ಅವರು ಮೋಟಾರ್‌ಸೈಕಲ್ ಹತ್ತುತ್ತಾರೆ. ಆರಕ್ಕಿಂತ ಕಡಿಮೆಯಾದರೆ ಫೋನೂ ಇಲ್ಲ, ಡಾಕ್ಟರೂ ಇಲ್ಲ. ಮುಖ ನೋಡಿ ಮಣೆ ಹಾಕುವವರನ್ನು ನಾವು ಪಟ್ಟಣದ ಕಚೇರಿಗಳಲ್ಲಿ ಬೇಕಾದಷ್ಟು ಕಂಡಿದ್ದೆವು, ಮುಖ ನೋಡಿ ಮದ್ದು ಹಾಕುವವರು ತಾವೇ ಮೊದಲು.

ತಾವು ಬಂದ ವಾರದಲ್ಲೇ ಕಾರ್ನಿವಲ್ ಹಬ್ಬ ಬಿತ್ತು. ಹೊಸದಾಗಿ ಮನೆ ಸೇರಿದ ಯಾವುದನ್ನೂ, ಅದು ಲಾರಿಯಾಗಲಿ ಹೊಲಿಗೆ ಯಂತ್ರವಾಗಲಿ, ಹಬ್ಬದ ದಿನ ಒಣಗಂಟಲಲ್ಲಿ ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದ್ದರಿಂದ ತಮ್ಮ ನೆತ್ತಿಯ ಮೇಲೆ ಬಿಯರ್ ಸುರಿದು, ಬಣ್ಣದ ಕಾಗದದ ಚೂರು ಎರಚಿ, ಹಾರ ಹಾಕಿದೆವು. ಅಂದೇ ಮಂದೆಯ ಕಿವಿಗಳಿಗೆ ಹೊಸ ಉಣ್ಣೆಯ ಕುಚ್ಚು ಪೋಣಿಸುವ ದಿನವೂ ಆದ್ದರಿಂದ ದೋನ್ಯಾ ಬಾಸಿಲಿಯಾ ತಮ್ಮ ಎರಡು ಆಂಟೆನಾಗಳಿಗೂ ಕೆಂಪು ಕುಚ್ಚು ಕಟ್ಟಿ, "ಇವನೂ ಇನ್ನು ನಮ್ಮೋನೇ. ಎದ್ರಿಗೆ ಬಂದು ಉಗೀಬೇಡ್ರೋ" ಎಂದು ಲಾಮಾಗಳಿಗೆ ತಾಕೀತು ಮಾಡಿದರು. ಮೂರು ಲಾಮಾಗಳು ಆಕೆಯ ಮಾತು ಮೀರಿದ್ದಕ್ಕೆ ಸಂಘ ವಿಷಾದಿಸುತ್ತದೆ.

ಮಾರನೆಯ ಬೆಳಿಗ್ಗೆ ತಾವು ಕರ್ತವ್ಯ ಆರಂಭಿಸಿದಿರಿ. ಹೊಸ ಕುಚ್ಚಿನ ಭಾರಕ್ಕೆ ಕಿವಿಗಳು ಇಳಿಬಿದ್ದಿದ್ದವು, ಎರಡು ಅಂಕ. ಗಾಳಿಗೆ ಹಾರುತ್ತಿದ್ದ ಕಾಗದದ ಚೂರುಗಳಿಗೆ ಕಣ್ಣು ಕಿರಿದಾಗಿದ್ದವು, ಎರಡು ಅಂಕ. ಬಾಗಿಲಲ್ಲಿ ಬಿಯರ್ ನಾತದ ಅಪರಿಚಿತರು, ಅಂದರೆ ತಾವು, ನಿಂತಿದ್ದರಿಂದ ಉಗುಳಲು ತುಟಿ ಬಿಗಿದಿದ್ದವು, ಮತ್ತೆರಡು. ಹೀಗೆ ಮೂವತ್ತೊಂಬತ್ತು ಲಾಮಾಗಳಿಗೆ ತಾವು ತಲಾ ಆರು ಅಂಕ ದಯಪಾಲಿಸಿದಿರಿ. ನಮ್ಮ ಊರ ಶಾಲೆಯಲ್ಲಿ ಇಂಥ ಫಲಿತಾಂಶ ಎಂದೂ ಬಂದಿಲ್ಲ.

ನಲವತ್ತನೆಯವನಿಗೆ ಮಾತ್ರ ಸೊನ್ನೆ. ಈ ಪತ್ರ ಹುಟ್ಟಿದ್ದು ಆ ಸೊನ್ನೆಯಿಂದ.

ಅವನ ಹೆಸರು ಕರ್ನಲ್. ಹನ್ನೊಂದು ವರ್ಷಗಳಿಂದ ಕೊರಳಲ್ಲಿ ಗಂಟೆ ಕಟ್ಟಿಕೊಂಡು ಮಂದೆಯ ಮುಂದೆ ನಡೆಯುವ ಮುಂದಾಳು. ಅವನು ಬೆದರಿದರೆ ಮಂದೆಯೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆಂದು ಅವನಿಗೇ ಗೊತ್ತು. ಹಾಗಾಗಿ ನರಿ ಬಂದರೂ, ಸಿಡಿಲು ಬಡಿದರೂ, ಸರ್ಕಾರವೇ ಬಂದು ನಿಂತರೂ ಅವನ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಹಬ್ಬಕ್ಕೂ ಹತ್ತು ದಿನ ಮೊದಲೇ ದೋನ್ಯಾ ಬಾಸಿಲಿಯಾ ಅವನಲ್ಲಿ ಏನೋ ಕೆಟ್ಟಿದೆ ಎಂದು ಹಿಡಿದಿದ್ದರು. ಲಾಮಾಗಳು ಬೆಳಿಗ್ಗೆ ಒಂದರ ಹಿಂದೊಂದು ಒಂದೇ ಹಿಕ್ಕೆಗುಡ್ಡೆಗೆ ಹೋಗಿ ಬರುವುದು ತಮಗೆ ತಿಳಿಯದಿರಬಹುದು, ತಮ್ಮ ಕಣ್ಣು ಆ ದಿಕ್ಕಿಗಿಲ್ಲ. ಅಲ್ಲಿ ಸದಾ ಮೊದಲಿಗನಾಗಿದ್ದ ಕರ್ನಲ್ ಕೊನೆಯವನಾಗಿದ್ದ. ಮೆಲುಕನ್ನು ಎಡದವಡೆಗೆ ಬಿಡುತ್ತಿರಲಿಲ್ಲ. ತಲೆ ಒಂದು ಪಕ್ಕಕ್ಕೆ ಓರೆಯಾಗಿ ಗಂಟೆಯ ನಾಲಿಗೆ ಒಂದೇ ಕಡೆ ಬಡಿಯುತ್ತಿತ್ತು. "ಹಲ್ಲಿನ ಬುಡ ಕೊಳೀತಿದೆ. ಚಳಿಗಾಲಕ್ಕೆ ಮುಂಚೆ ಕೀಳಿಸದಿದ್ರೆ ಹುಲ್ಲು ಎದುರಿಗಿದ್ದೂ ಹಸಿದು ಸಾಯ್ತಾನೆ" ಎಂದರು ಆಕೆ. ನೋವಿನಲ್ಲಿರುವವನ ಕಿವಿ ಚುಚ್ಚುವುದು ಪಾಪವೆಂದು ಈ ವರ್ಷ ಅವನೊಬ್ಬನಿಗೆ ಕುಚ್ಚನ್ನೂ ಬಿಟ್ಟರು.

ಕುಚ್ಚಿಲ್ಲದ ಕಿವಿ ನೆಟ್ಟಗೆ ನಿಂತಿತು. ತಾವು ಕೊಟ್ಟಿರಿ ಸೊನ್ನೆ. ಕರುಣೆಯನ್ನು ಇಷ್ಟು ಸ್ಪಷ್ಟವಾಗಿ ಅಳೆದು ಹೊರಗೆ ಬಿಸಾಡುವ ಉಪಕರಣ ಲೋಕದಲ್ಲಿ ಇನ್ನೊಂದಿದ್ದರೆ ಅದರ ಚಿತ್ರವನ್ನು ದಯವಿಟ್ಟು ಕಳುಹಿಸಿಕೊಡಿ, ಸಂಘದ ಕೋಣೆಯಲ್ಲಿ ತೂಗುಹಾಕುತ್ತೇವೆ.

ಡಾಕ್ಟರ್ ಗ್ರೋವರ್ ಮೂವತ್ತೊಂಬತ್ತು ಸೂಜಿಗಳೊಂದಿಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ತಮ್ಮ ಅಧೀನ ನೌಕರ. ಮೂವತ್ತೊಂಬತ್ತು ಆರೋಗ್ಯವಂತ ಪೃಷ್ಠಗಳಿಗೆ ನೋವುನಿವಾರಕ ಚುಚ್ಚಿ, ಚುಚ್ಚಿದ ನೋವನ್ನೂ ಅದರಿಂದಲೇ ನಿವಾರಿಸಿ, ಎಲ್ಲರಿಗೂ ಹದಿನೈದು ದಿನ ವಿಶ್ರಾಂತಿ, ಹೊರೆ ನಿಷಿದ್ಧ ಎಂದು ಚೀಟಿ ಬರೆದರು. ದೋನ್ಯಾ ಬಾಸಿಲಿಯಾ ಅವರ ತೋಳು ಹಿಡಿದು ಕರ್ನಲ್ ಎದುರಿಗೆ ನಿಲ್ಲಿಸಿದರು.

"ಇವನ ದವಡೆ ಒಂದ್ಸಲ ಮುಟ್ಟಿ ನೋಡಪ್ಪ ಡಾಕ್ಟ್ರೇ."

"ಮುಟ್ಟೋದಕ್ಕೆ ಫಾರಮ್ಮಲ್ಲಿ ಕಾಲಮ್ಮೇ ಇಲ್ಲಮ್ಮ. ಮಿಷನ್ನು ಸೊನ್ನೆ ಅಂದಿದೆ. ಸೊನ್ನೆಗೆ ಸೂಜಿ ಹಾಕಿದ್ರೆ ಆಮೇಲೆ ನನ್ನ ಕೆಲಸಕ್ಕೇ ಚುಚ್ತಾರೆ."

"ನಿಮ್ಮಮ್ಮ ನಿಂಗೆ ಹೊಟ್ಟೆನೋವು ಬಂದಾಗ ಕಂಬ ಹತ್ತಿ ನೋಡ್ತಿದ್ಲಾ?"

ಡಾಕ್ಟರು ತಲೆ ತಗ್ಗಿಸಿ ಮೋಟಾರ್‌ಸೈಕಲ್ ಒದ್ದರು. ಅದು ಮೂರನೆಯ ಒದೆತಕ್ಕೆ ಎದ್ದಿತು. ಆ ಮೂರು ಒದೆತಗಳೂ ಯಾರಿಗೆ ಸಲ್ಲಬೇಕಿತ್ತೆಂಬ ಬಗ್ಗೆ ಊರಿನಲ್ಲಿ ಭಿನ್ನಾಭಿಪ್ರಾಯವಿದೆ.

ಮುಂದೆ ಏನಾಯಿತೆಂದು ತಮಗೆ ನೆನಪಿರಬೇಕು, ಎಲ್ಲವೂ ನಡೆದದ್ದು ತಮ್ಮ ಮುಂದೆಯೇ. ಊಟೆಯಿಂದ ನೀರು ತರುವ ಲಾಮಾಗಳೆಲ್ಲ ಸರ್ಕಾರಿ ರಜೆಯಲ್ಲಿ ಮೆಲುಕು ಹಾಕುತ್ತ ಮಲಗಿದ್ದವು. ಹೊರೆ ಹೊರಲು ತಮ್ಮ ಪ್ರಮಾಣಪತ್ರವಿದ್ದದ್ದು ಒಬ್ಬನಿಗೇ, ಹಲ್ಲು ಕೊಳೆಯುತ್ತಿದ್ದ ಕರ್ನಲ್‌ಗೆ. ಅವನ ಬೆನ್ನಿಗೆ ಹಗ್ಗ ಹಾಕಲು ದೋನ್ಯಾ ಬಾಸಿಲಿಯಾ ಯಾರಿಗೂ ಬಿಡಲಿಲ್ಲ. ಎಪ್ಪತ್ತೊಂದು ವರ್ಷದ ಆಕೆ ತಾನೇ ಎರಡು ಡಬ್ಬಿ ನೀರನ್ನು ಬೆನ್ನಿಗೆ ಕಟ್ಟಿಕೊಂಡು ದಿನಕ್ಕೆ ಮೂರು ಸಲ ಗುಡ್ಡ ಹತ್ತಿದರು. ಉಳಿದ ಹೊತ್ತಿನಲ್ಲಿ ಹಿಮಕ್ಕಿಟ್ಟು ಒಣಗಿಸಿದ ಚೂನ್ಯೋ ಆಲೂಗಡ್ಡೆಯನ್ನು ಬೇಯಿಸಿ, ಮೆತ್ತಗೆ ಹಿಸುಕಿ, ಕರ್ನಲ್‌ನ ಬಲದವಡೆಗೆ ಬೆರಳಿನಿಂದ ತಳ್ಳಿದರು. ಅವನು ಎರಡು ತುತ್ತು ನುಂಗಿ ಮುಖ ತಿರುಗಿಸುತ್ತಿದ್ದ. ಉಣ್ಣೆಯ ಕೆಳಗೆ ಪಕ್ಕೆಲುಬುಗಳನ್ನು ಆಕೆ ದಿನವೂ ಎಣಿಸುತ್ತಿದ್ದರು, ಪ್ರತಿ ದಿನವೂ ಎಣಿಕೆ ಸುಲಭವಾಗುತ್ತಿತ್ತು.

ಒಂಬತ್ತನೆಯ ದಿನ ಅವನು ಒಂದು ತುತ್ತನ್ನೂ ನುಂಗಲಿಲ್ಲ. ಅಂದು ದೋನ್ಯಾ ಬಾಸಿಲಿಯಾ ನೀರು ಹೊತ್ತು ದೊಡ್ಡಿಯ ಬಾಗಿಲಿಗೆ ಬಂದು, ತಮ್ಮೆದುರು ನಿಂತು, ಮುಖಕ್ಕೆ ಮುಖ ಕೊಟ್ಟು ಕೇಳಿದರು: "ನಿಂಗೆ ಕಣ್ಣು ಕೊಟ್ಟೋರು ಯಾರೋ? ಹನ್ನೊಂದು ವರ್ಷ ನನ್ನ ಮುಂದೆ ನಡೆದೋನು ಇವತ್ತು ನನ್ನ ಕೈತುತ್ತು ಬೇಡ ಅಂದ. ಅದು ಎಷ್ಟು ನಂಬರ್ರು? ಹೇಳು!"

ತಾವು ಹೇಳಿಯೇ ಬಿಟ್ಟಿರಿ.

ಟೋಪಿಯ ಕೆಳಗಿಂದ ಇಳಿಬಿದ್ದ ಆಕೆಯ ಎರಡು ಜಡೆಗಳ ತುದಿಯಲ್ಲಿ ಕಪ್ಪು ಉಣ್ಣೆಯ ಕುಚ್ಚುಗಳಿದ್ದವು. ಜೋತುಬಿದ್ದ ಕಿವಿ ಎಂದುಕೊಂಡು ತಾವು ಎರಡು ಅಂಕ ಕೊಟ್ಟಿರಿ. ಗಾಳಿಗೂ ಕಣ್ಣೀರಿಗೂ ಕಿರಿದಾದ ಕಣ್ಣಿಗೆ ಎರಡು. ಏರು ಹತ್ತಿ ಅರಳಿದ ಹೊಳ್ಳೆಗೆ ಎರಡು. ಬಿಗಿದ ತುಟಿಗೆ ಎರಡು. ದಣಿವಾರಲು ಅಗಿಯುವ ಕೋಕಾ ಎಲೆಯ ಉಂಡೆಯಿಟ್ಟು ಒಂದೇ ಕಡೆ ಉಬ್ಬಿದ ದವಡೆಗೆ ಎರಡು. ಹತ್ತಕ್ಕೆ ಹತ್ತು! ಪಟ್ಟಣದಲ್ಲಿ ಫೋನು ಕೂಗಿತು: "ವಿಲಾಚಲ್ಲ, ನಲವತ್ತೊಂದನೆಯ ಪ್ರಾಣಿ, ಹೆಣ್ಣು, ವಯಸ್ಸಾದದ್ದು, ತೀವ್ರ ನೋವು, ತಕ್ಷಣ."

ಡಾಕ್ಟರ್ ಗ್ರೋವರ್ ಮಧ್ಯಾಹ್ನದ ಸೂಪನ್ನು ಬಟ್ಟಲಲ್ಲೇ ಬಿಟ್ಟು ಬಂದರು. "ಎಲ್ಲಿ ನಲವತ್ತೊಂದು?" ಎಂದು ಏದುಸಿರು ಬಿಟ್ಟರು.

"ನಾನೇ ಕಣಪ್ಪ. ಹತ್ತಕ್ಕೆ ಹತ್ತು. ಸ್ಕೂಲಲ್ಲೂ ಯಾರೂ ಕೊಟ್ಟಿರ್ಲಿಲ್ಲ."

"ಅಮ್ಮಾ, ತಮಾಷೆ ಮಾಡ್ತಿದ್ದೀರಾ?"

"ತಮಾಷೆ ನಿನ್ನ ಮಿಷನ್ನಿಗೆ ಬರುತ್ತಾ? ನೋವು ನಂದೇ, ಆದ್ರೆ ಅದಿರೋದು ಅಲ್ಲಿ, ಅವನ ಎಡದವಡೇಲಿ. ಈಗ ನಿಂಗೆ ಕಾಲಮ್ಮು ಸಿಕ್ತಲ್ಲ, ಮುಟ್ಟು."

ಡಾಕ್ಟರು ಒಮ್ಮೆ ಕಂಬದ ಮೇಲಿನ ತಮ್ಮತ್ತ ನೋಡಿದರು, ಒಮ್ಮೆ ಆಕೆಯತ್ತ. ಆಮೇಲೆ ಕೈಗವಸು ಬಿಚ್ಚಿ ಕರ್ನಲ್‌ನ ದವಡೆಯ ಮೇಲೆ ಬರಿಗೈ ಇಟ್ಟರು. ನರಿಗೂ ಸಿಡಿಲಿಗೂ ಸದ್ದು ಮಾಡದವನು ದೋನ್ಯಾ ಬಾಸಿಲಿಯಾರ ಹೆಗಲಿಗೆ ತಲೆಯಿಟ್ಟು ಸಣ್ಣಗೆ ಗುನುಗಿದ. "ಅಯ್ಯೋ, ಇಷ್ಟು ದಿನ ಹೇಗೆ ತಡ್ಕೊಂಡ್ಯೋ ಮಾರಾಯ" ಎಂದರು ಡಾಕ್ಟರು. ಸಂಜೆಯೊಳಗೆ ಕೀವು ಇಳಿಯಿತು, ಹಲ್ಲು ಹೊರಬಂದಿತು. ದಾಖಲೆಯಲ್ಲಿ ಅವರು, ಹಲ್ಲು ಕಿತ್ತದ್ದು ನಲವತ್ತೊಂದನೆಯ ಪ್ರಾಣಿಗೆ ಎಂದು ಚೊಕ್ಕವಾಗಿ ಬರೆದು ಸಹಿ ಹಾಕಿದರು.

ಆದ್ದರಿಂದ ಮಾನ್ಯರೇ, ದೂರಿನ ಜೊತೆಗೆ ನಮ್ಮ ಕೃತಜ್ಞತೆಯನ್ನೂ ಸ್ವೀಕರಿಸಬೇಕು. ನೋವನ್ನು ತಾವು ಸರಿಯಾಗಿಯೇ ಓದಿದಿರಿ, ಮುಖ ಮಾತ್ರ ಬೇರೆಯವರದಾಗಿತ್ತು. ಇನ್ನು ನಮ್ಮ ಬೇಡಿಕೆಗಳು ಅಲ್ಪ. ಒಂದು ಮುಂಜಾನೆ ತಾವು ಕಂಬ ಬಿಟ್ಟಿಳಿದು, ದೋನ್ಯಾ ಬಾಸಿಲಿಯಾರ ಪಕ್ಕದಲ್ಲಿ ಹಿಕ್ಕೆಗುಡ್ಡೆಯ ಬಳಿ ನಿಂತು, ಯಾರು ಮೊದಲು ಬಂದರು, ಯಾರು ಬರಲೇ ಇಲ್ಲ ಎಂದು ನೋಡಬೇಕು. ಮುಖ ಸುಳ್ಳು ಹೇಳಿದರೂ ಇನ್ನೊಂದು ತುದಿ ಹೇಳುವುದಿಲ್ಲ. ಹಾಗೆಯೇ ಮುಟ್ಟುವುದಕ್ಕೆ ಒಂದು ಕೈಯನ್ನು ಬೆಳೆಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ಫಾರಮ್ಮಿನಲ್ಲಿ ಒಂದು ಕಾಲಮ್ಮನ್ನಾದರೂ ಬೆಳೆಸಬೇಕು: "ಸಾಕಿದವಳು ಏನನ್ನುತ್ತಾಳೆ?"

ತಮ್ಮ ಕಣ್ಣಳತೆಯಲ್ಲೇ ಸದಾ ಇರುವ,
ತಮ್ಮ ವಿಶ್ವಾಸಿ,
ಸಾಟುರ್ನಿನೊ ಕಾಲಿಸಾಯಾ
ಕಾರ್ಯದರ್ಶಿ, ಲಾಮಾ ಸಾಕಣೆದಾರರ ಸಂಘ, ವಿಲಾಚಲ್ಲ

ತಾಜಾ ಕಲಂ: ಕರ್ನಲ್‌ಗೆ ಗುರುವಾರ ಎರಡನೆಯ ಸೂಜಿ ಬೀಳಲೇಬೇಕು. ಆದರೆ ನಿನ್ನೆ ಬೆಳಿಗ್ಗೆ ಅವನು ಹಿಕ್ಕೆಗುಡ್ಡೆಗೆ ಎಲ್ಲರಿಗಿಂತ ಮೊದಲು ಹೋದದ್ದನ್ನು ಕಂಡಂದಿನಿಂದ ದೋನ್ಯಾ ಬಾಸಿಲಿಯಾರ ಮುಖದಲ್ಲಿ ನಗು ನಿಲ್ಲುತ್ತಿಲ್ಲ, ಜಡೆಯ ಕುಚ್ಚಿನ ಎರಡು ಅಂಕ ಬಿಟ್ಟರೆ ಇಂದು ತಾವು ಆಕೆಗೆ ಕೊಟ್ಟದ್ದು ಸೊನ್ನೆ. ಡಾಕ್ಟರನ್ನು ಕರೆಸಲು ಬೇರೆ ಯಾರದಾದರೂ ನೋವಿನ ಮುಖ ಬೇಕಾಗಿದೆ. ಸಂಘದ ಹಿತಕ್ಕಾಗಿ ನಾನೇ ಒಪ್ಪಿದ್ದೇನೆ. ಗುರುವಾರ ಬೆಳಿಗ್ಗೆ ಕಿವಿಗೆ ಕುಚ್ಚು ಕಟ್ಟಿಕೊಂಡು ತಮ್ಮೆದುರು ನಿಂತು, ತಮ್ಮ ಇಲಾಖೆಯ ಸುತ್ತೋಲೆಯನ್ನು ಮೊದಲ ಪುಟದಿಂದ ಓದಲು ಆರಂಭಿಸುತ್ತೇನೆ. ಎರಡನೆಯ ಪುಟಕ್ಕೆ ಹತ್ತು ಮುಟ್ಟೀತೆಂದು ನಂಬಿದ್ದೇನೆ.