ಎದುರುಮನೆ ಸೊಸೆಯ ಬಿಟ್ಟಿ ಪ್ಯಾನೆಲ್ಲು

ಒಸಿ ಹತ್ತಿರ ಬನ್ನಿ, ಗೋಡೆಗೂ ಕೇಳಿಸಬಾರದು. ನಾನು ಹೇಳಿದೆ ಅಂತ ಎಲ್ಲಾದರೂ ಬಾಯಿಬಿಟ್ಟಿರೋ, ಹೇಳೇ ಇಲ್ಲ ಅಂತ ಕರ್ಪೂರ ಆರಿಸಿ ಆಣೆ ಮಾಡಿಬಿಡುತ್ತೇನೆ. ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಆಗಾಗ ಯಾರದಾದರೂ ಸುದ್ದಿ ಹುಟ್ಟದಿದ್ದರೆ ನನಗೆ ಉಂಡದ್ದು ಅರಗೋದಿಲ್ಲ. ಈ ಸಲದ ಸುದ್ದಿಗೆ ಮಾತ್ರ ಉಣ್ಣೋದಕ್ಕೇ ಆಗಲಿಲ್ಲ.

೧. ಅರವಟ್ಟಿಗೆ ನೀರು

ನನ್ನ ಮಗ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಛತ್ರದೋರು, ಪಾತ್ರೆ ಅಂಗಡಿಯೋರು, ಕೊಬ್ಬರಿ ಮಂಡಿಯೋರು, ಎಲ್ಲರಿಗೂ ವೆಬ್‌ಸೈಟ್ ಮಾಡಿಕೊಟ್ಟು ಅದನ್ನ ನೋಡಿಕೊಳ್ಳೋದು ಅವನ ಕೆಲಸ. ಎದುರುಮನೆ ಸೊಸೆಯದೂ ಅದೇ ಕೆಲಸ, ನಡುಮನೆಯಲ್ಲೇ ಕೂತು. ನನ್ನ ಓದು ಮೂರನೇ ಕ್ಲಾಸಿಗೇ ಮುಗೀತು, ಆದರೂ ಮಗ ಬಿಡಿಸಿ ಹೇಳಿದ್ದು ತಲೆಗೆ ಹೋಯಿತು. ಈ ಸೈಟುಗಳೆಲ್ಲ ಒಂದು ವಠಾರದ ಮನೆಗಳಿದ್ದಂತೆ. ಅಷ್ಟೂ ಮನೆಯ ಬೀಗ, ದೀಪ, ನಲ್ಲಿ ಒಂದೇ ಕಡೆಯಿಂದ ತಿರುಗಿಸೋದಕ್ಕೆ ಕಂಟ್ರೋಲ್ ಪ್ಯಾನೆಲ್ ಅಂತಾರೆ. ಮಗ ಅದಕ್ಕೆ ಯಾವುದೋ ಹೊರದೇಶದ ಕಂಪನಿಗೆ ಬಾಡಿಗೆ ಕಟ್ಟುತ್ತಾನೆ. ಮನೆ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಎದುರುಮನೆಯವಳು ಆ ಬಾಡಿಗೆಯದನ್ನ ಕಿತ್ತೆಸೆದು, ಬಿಟ್ಟಿದೊಂದು ಹಾಕಿಕೊಂಡು, ಗಿರಾಕಿಗಳಿಗೆ ದರ ಇಳಿಸಿಬಿಟ್ಟಳಂತೆ.

"ಕದ್ದವ್ಳೇನ್ಲಾ?" ಅಂದೆ, ಆಸೆಯಿಂದ.

"ಇಲ್ಲ ಕಣವ್ವಾ. ತಿಳಿದೋರು ನಾಕು ಜನ ಸೇರ್ಕಂಡು ಮಾಡಿ, ಯಾರು ಬೇಕಾದ್ರೂ ಬಳಸ್ಕಳ್ಳಿ ಅಂತ ಬಿಟ್ಟವ್ರೆ."

"ಅರವಟ್ಟಿಗೆ ಇದ್ದಂಗೆ ಅನ್ನು. ಅರವಟ್ಟಿಗೇಲಿ ನೀರು ಕುಡ್ದು ಮುಂದಕ್ಕೋಗ್ಬೇಕು ಕಣ್ಲಾ. ಬಿಂದಿಗೇಲಿ ತುಂಬ್ಕಂಡು ವ್ಯಾಪಾರ ಮಾಡ್ತಾರಾ?"

"ಮಾಡ್ಬೋದಂತೆ, ಅದಕ್ಕೂ ಒಪ್ಪಿಗೆ ಐತೆ. ನಾನೂ ಅದನ್ನೇ ಹಾಕ್ಕಳ್ಳಾ ಅಂತ. ಗಿರಾಕಿಗಳು ಅತ್ಲಾಗೆ ಓಯ್ತಾವ್ರೆ."

"ಅವ್ಳು ಮಾಡಿದ್ದ ನೀನು ಮಾಡೀಯಾ? ಕಾಸು ಕೊಟ್ಟಿದ್ದೇ ಗಟ್ಟಿ. ಗಿರಾಕಿ ಓದ್ರೆ ಓಗ್ಲಿ, ಮಾನ ಇರ್ಲಿ!"

ಗಿರಾಕಿ ಹೋದರು. ಮಾನದ ಕತೆ ಮುಂದೆ ಕೇಳಿ.

೨. ಹೊಳೆನರಸೀಪುರದ ನಾಮಕರಣ

ಅಷ್ಟರಲ್ಲಿ ಎದುರುಮನೆಗೆ ತೇಗದ ತೂಗುಮಂಚ ಬಂತು. ಆ ಸೊಸೆಗೆ ಅತ್ತೆ ಅನ್ನಿಸಿಕೊಂಡೋಳು ಅದರ ಮೇಲೆ ಕೂತು ಕಿರ್ ಕಿರ್ ಅಂತ ತೂಗೋದು ನನ್ನ ಎದೆ ಮೇಲೇ ತೂಗಿದಂಗಾಗೋದು. ಇನ್ನು ಸುಮ್ಮನಿದ್ದರೆ ಆಗದು ಅಂತ, ಹೊಳೆನರಸೀಪುರಕ್ಕೆ ನಾಮಕರಣಕ್ಕೆ ಹೋದಾಗ ಶುರು ಹಚ್ಚಿಕೊಂಡೆ. ಅಲ್ಲೊಬ್ಬಳು ಪಾತ್ರೆ ಅಂಗಡಿಯೋಳು ಸಿಕ್ಕಿದಳು, ಎದುರುಮನೆಯವಳ ಗಿರಾಕಿ. ಕಿವಿ ಹತ್ತಿರ ಬಾಗಿ, "ನಿಮ್ಮ ಸೈಟು ಬಿಟ್ಟಿ ಪ್ಯಾನೆಲ್ ಮ್ಯಾಲೆ ಕುಂತದೆ, ಗೊತ್ತೇನವ್ವಾ?" ಅಂದೆ.

ಮುಖ ಬಾಡುತ್ತೆ ಅಂತ ಕಾದೆ. ಅರಳಿತು!

"ಅದಕ್ಕೇ ಅಷ್ಟು ಕಮ್ಮಿಗೆ ಮಾಡ್ಕೊಟ್ಟವ್ಳೆ!" ಅಂದವಳೇ ತೊಟ್ಟಿಲ ಹತ್ತಿರ ನಿಂತಿದ್ದ ಅಕ್ಕನನ್ನ ಕೂಗಿದಳು. "ಅಕ್ಕಾ, ಬಾ ಇಲ್ಲಿ! ನಿಮ್ಮ ಯಜಮಾನ್ರು ಸುಮ್‌ಸುಮ್ನೆ ಕಾಸು ಸುರೀತಾವ್ರೆ!"

ಆ ಅಕ್ಕನ ಗಂಡ ನನ್ನ ಮಗನ ಗಿರಾಕಿ. ಪುಕ್ಕಟೆ ಸಿಕ್ಕಿದ್ರೆ ನಂಗೊಂದು ನಮ್ಮಪ್ಪಂಗೊಂದು ಅನ್ನೋ ಜನ ನಮ್ಮದು, ಅದನ್ನ ಮರೆತಿದ್ದೆ ನಾನು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳೋ ಹೊತ್ತಿಗೆ, ಮಿಕ್ಕೋರ ಬಾಯಲ್ಲೆಲ್ಲ ಎದುರುಮನೆ ಸೊಸೆಯ ಹೆಸರೇ.

೩. ಹಾಸನದ ಚಪ್ಪಾಳೆ

ಮನೆಯಲ್ಲೇ ಕೂತು ದುಡಿಯೋ ಹೆಣ್ಣುಮಗಳು ಅಂತ ಹಾಸನದಲ್ಲಿ ಮಹಿಳಾ ಸಂಘದೋರು ಆ ಸೊಸೆಯನ್ನ ಕರೆದು ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ತಟ್ಟೆ. ನನ್ನನ್ನ ಯಾರೂ ಕರೆದಿರಲಿಲ್ಲ, ಆದರೂ ಹೋದೆ. ಪಕ್ಕದಲ್ಲಿ ಕೂತವಳಿಗೆ, "ಅವ್ಳ ಬಂಡವಾಳ ನನಗೊತ್ತು. ಎದುರುಮನೇಲೇ ಇರೋಳು ನಾನು" ಅಂದೆ. ಅವಳು ಸಂಘದ ಕಾರ್ಯದರ್ಶಿಯಂತೆ. ಮಿಕ್ಕಿದ್ದು ಕೇಳದೇ ನನ್ನ ಕೈ ಹಿಡಿದು ವೇದಿಕೆಗೆ ಎಳೆದಳು, "ಎದುರುಮನೆ ಅಮ್ಮಾರು ಎರಡು ಮಾತಾಡ್ತಾರೆ" ಅಂತ.

ಮೈಕು ಬಾಯಿಗೆ ಬಂದಾಗ ಬೈಗುಳ ಬಾಯಿಗೆ ಬರಲಿಲ್ಲ. "ನಮ್ಮ ಮನೆಮಗಳಿದ್ದಂಗೆ" ಅಂದುಬಿಟ್ಟೆ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ಅಂಗಡಿ ಇಟ್ಟಿದ್ದ ನಾಕು ಹೆಂಗಸರು ಅಲ್ಲೇ ಅವಳ ನಂಬರ್ ಬರೆದುಕೊಂಡರು. ಹುಟ್ಟಿದಾಗಿನಿಂದ ನನಗೆ ಬಿದ್ದ ಚಪ್ಪಾಳೆ ಅದೊಂದೇ, ಅದೂ ಅವಳನ್ನ ಹೊಗಳಿದ್ದಕ್ಕೆ.

೪. ಅರಕಲಗೂಡಿನ ಬೀಗ

ಉಳಿದಿದ್ದ ದೊಡ್ಡ ಗಿರಾಕಿ ಅಂದರೆ ಅರಕಲಗೂಡಿನ ಛತ್ರದ ಯಜಮಾನರು. ಅವರೂ ಕೈಬಿಟ್ಟರೆ ಮಗ ಅಂಗಡಿ ಬಾಗಿಲು ಹಾಕೋದೇ. ಮುಂಚೆಯೇ ಎಚ್ಚರಿಸೋಣ ಅಂತ ಹೋಗಿ ಜಗಲಿ ಮೇಲೆ ಕೂತೆ.

"ಯಜಮಾನ್ರೇ, ಬಿಟ್ಟಿ ಪ್ಯಾನೆಲ್ ನಂಬಬ್ಯಾಡಿ. ಯಾವಾಗ ಬೇಕಾದ್ರೂ ಬೀಗ ಜಡೀತಾರಂತೆ. ಕಾಸು ಕೊಟ್ಟಿದ್ದಕ್ಕೆ ಆ ಭಯ ಇಲ್ಲ."

ಅವರು ಫೋನ್ ತೆಗೆದು ನನ್ನ ಮೂಗಿಗೆ ಹಿಡಿದರು. "ಓದಮ್ಮಾ."

"ಕನ್ನಡಕ ತಂದಿಲ್ಲ" ಅಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಬರೆದಿದ್ದು ಇಂಗ್ಲಿಷು.

"ನಾನೇ ಓದ್ತೀನಿ ತಗಾ. ಲೈಸೆನ್ಸ್ ಮುಗಿದದೆ, ಒಳಕ್ಕೆ ಬಿಡಾಕಿಲ್ಲ ಅಂತದೆ. ನಿನ್ ಮಗ ಬಾಡಿಗೆ ಕಟ್ಟಿಲ್ಲ. ಮದ್ವೆ ಕಾಲ, ಛತ್ರದ ಒಸಾ ಫೋಟೋ ಆಕ್ಬೇಕು ಅಂತ ಬೆಳಗ್ಗಿಂದ ಬಾಗ್ಲು ತಟ್ತಾ ಇವ್ನಿ."

ನನಗೆ ಕಾಫಿ ತಂದಿಟ್ಟ ಅವರ ಹೆಂಡತಿ ಅಂದಳು, "ಬಿಟ್ಟಿದು ಬೀಗ ಆಕಾಕೆ ಮುಂಚೆ, ಕಾಸಿಂದೇ ಆಕ್ಬುಡ್ತಲ್ಲ ಅಜ್ಜಿ!"

೫. ಚಾಪೆ ಮೇಲೆ ಮಗ

ಊರಿಗೆ ಬಂದು ಇಳಿದರೆ ಮಗ ಅಂಗಡಿಯಲ್ಲಿಲ್ಲ, ಮನೆಯಲ್ಲಿಲ್ಲ. ಅವನ ಚಪ್ಪಲಿ ಎದುರುಮನೆ ಹೊಸ್ತಿಲ ಮುಂದೆ! ನುಗ್ಗಿದೆ. ನಡುಮನೆಯಲ್ಲಿ ಚಾಪೆ ಹಾಸಿ, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದಾನೆ. ಆ ಸೊಸೆ ಪಕ್ಕದಲ್ಲಿ ನಿಂತು ಬೆರಳು ಮಾಡಿ ತೋರಿಸುತ್ತಿದ್ದಾಳೆ.

"ಏನ್ಲಾ ಇದು, ವಂಶ ಕೆಡಿಸಿದೋನೇ!"

"ಎಲ್ಲಾ ಸೈಟ್ನೂ ಬಿಟ್ಟಿ ಪ್ಯಾನೆಲ್‌ಗೆ ಸಾಗಿಸ್ತಾ ಇವ್ನಿ ಕಣವ್ವಾ. ಛತ್ರದೋರ್ದು ಆಗ್ಲೇ ಆಯ್ತು, ಇಲ್ದಿದ್ರೆ ಅವ್ರೂ ಓಗೋರು. ಅಂಗಡಿ ಉಳೀತು. ಈ ಅತ್ಗೆಮ್ಮನೇ ಏಳ್ಕೊಟ್ರು."

"ಅದಕ್ಕೆ ಎಷ್ಟು ಕಿತ್ಕಂಡ್ಲು?"

"ಏನೂ ಇಲ್ಲ."

ಅದೂ ಬಿಟ್ಟಿ! ಬೈಯೋದಕ್ಕೆ ಒಂದು ಎಳೆಯನ್ನೂ ಉಳಿಸದೇ ಹೋದಳಲ್ಲ ಅಂತ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಹೊರಡೋಕೆ ತಿರುಗಿದೆ. ತೂಗುಮಂಚದ ಆ ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೇ ಅಡ್ಡ ನಿಂತಿದ್ದಳು. ಹಣೆಗೆ ಕುಂಕುಮ ಇಟ್ಟು, ಮುಖಕ್ಕೆ ಮುಖ ಕೊಟ್ಟು ಅಂದಳು:

"ಅಕ್ಕಾ, ನೀವು ಕಾಲಿಟ್ಟ ಊರಲ್ಲೆಲ್ಲ ನಮ್ಗೆ ಗಿರಾಕಿ ಉಟ್ಕಂಡವ್ರೆ. ಬೇಲೂರು ಕಡೆ ಮಾತ್ರ ಇನ್ನೂ ಒಬ್ರೂ ಇಲ್ಲ. ಎಂಗೂ ಎಂಗಸ್ರಿಗೆ ಬಸ್ಸು ಬಿಟ್ಟಿ. ನಾಳೀಕೊಂದ್ಸಲ ಓಗಿ ನಮ್ಮನ್ನ ಬೈದು ಬಂದ್ಬುಡಿ."