ಇನ್ನೂ ಎರಡು ಭಾಗ ಬಾಕಿ ಇದೆ

ಸುಮ್ಮನೆ ಕೂರುವುದೂ ಒಂದು ಕೆಲಸ ಎಂದು ನಮ್ಮ ಕಡೆಯವರನ್ನು ಒಪ್ಪಿಸುವುದು ಬಹಳ ಕಷ್ಟ. ನಾನು ಪಿಯಾನೊ ನುಡಿಸುವವನು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಅದೂ ತುಮಕೂರಿನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಚೇಳೂರಿನ ನೆಂಟರು ನನ್ನ ಉದ್ಯೋಗ ಕೇಳಿದವರಿಗೆ "ದೊಡ್ಡ ಹಾರ್ಮೋನಿಯಂ ಇಟ್ಕೊಂಡವ್ನೆ" ಎಂದು ಹೇಳಿ ಮಾತು ಬದಲಿಸುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತೊಂದರೆಯೆಲ್ಲ ನುಡಿಸುವುದರ ನಡುವೆ ಬರುವ ಮೌನದ್ದು.

ನಾವು ನುಡಿಸುವ ದೊಡ್ಡ ಕೃತಿಗಳಲ್ಲಿ ಸಾಮಾನ್ಯವಾಗಿ ಮೂರು ಭಾಗ. ಒಂದು ಮುಗಿದ ಮೇಲೆ ಕೈಯೆತ್ತಿ, ತಲೆ ತಗ್ಗಿಸಿ, ಸ್ವಲ್ಪ ಹೊತ್ತು ಕೂತಿರಬೇಕು. ಆಗ ಯಾರೂ ಚಪ್ಪಾಳೆ ತಟ್ಟಬಾರದು, ನಾವೂ ಬಾಯಿ ಬಿಡಬಾರದು. ನನಗೆ ಕಲಿಸಿದ ಬೆಂಗಳೂರಿನ ಮೇಡಂ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಆದರೆ ಕೆಳಮನೆಯ ಒಡತಿ ಸಿದ್ದಗಂಗಮ್ಮನವರ ಜೊತೆ ನನಗೆ ಬೇರೊಂದು ಒಪ್ಪಂದವಿದೆ. ನಾನು ನುಡಿಸುವಾಗ ಅವರು ಮಿಕ್ಸಿ ಹಾಕುವುದಿಲ್ಲ, ಅವರು ಮಿಕ್ಸಿ ಹಾಕಿದಾಗ ನಾನು ನುಡಿಸುವುದಿಲ್ಲ. ಹೀಗಾಗಿ ನನ್ನ ಮೊದಲ ಭಾಗ ಮುಗಿದು ಮೌನ ಶುರುವಾಯಿತೋ ಇಲ್ಲವೋ, ಕೆಳಗೆ ಕಾಯಿಚಟ್ನಿ ಗರ್ರೆನ್ನುತ್ತದೆ. ಒಂದು ದಿನ ನಾನು ನುಡಿಸದಿದ್ದರೆ ಮಾತ್ರ ಮೆಟ್ಟಿಲ ಬುಡದಿಂದ "ಯಾಕಪ್ಪಾ, ಹುಷಾರಾಗಿದೀಯಾ?" ಎಂದು ಕೂಗುತ್ತಾರೆ. ಈ ಊರಿನಲ್ಲಿ ಹಾಗೆ ಕೇಳುವವರು ಅವರೊಬ್ಬರೇ.

ಹಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಜೊತೆಗೆ ಪಿಟೀಲಿನವರು, ತಂಬೂರಿಯವರು ಇರುತ್ತಾರೆ. ಜಗಳವಾಡಲಿಕ್ಕಾದರೂ ಒಬ್ಬ ಮೃದಂಗದವನಿರುತ್ತಾನೆ. ಕಛೇರಿ ಮುಗಿಸಿ ಒಂದೇ ಕಾರಿನಲ್ಲಿ ತುರುಕಿಕೊಂಡು, ದಾರಿಯಲ್ಲಿ ದೋಸೆ ತಿಂದು, ಶ್ರುತಿ ತಪ್ಪಿದ್ದು ಯಾರದೆಂದು ಕಿತ್ತಾಡಿಕೊಂಡು ಮನೆ ಸೇರುತ್ತಾರೆ. ನಾನು ಎಷ್ಟೋ ಊರು ಸುತ್ತಿದ್ದೇನೆ, ಹೋಗುವುದೂ ಒಬ್ಬನೇ, ಬರುವುದೂ ಒಬ್ಬನೇ. ನನ್ನ ಪಿಯಾನೊ ಕೂಡ ಜೊತೆಗೆ ಬರುವುದಿಲ್ಲ. ತಪ್ಪು ನುಡಿಸಿದರೂ ಬೈಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮದುವೆಯ ಮಾತೂ ಒಮ್ಮೆ ಬಂದಿತ್ತು. ಕುಣಿಗಲ್ಲಿನ ಹೆಣ್ಣಿನ ಕಡೆಯವರು ಬಂದು, ಪಿಯಾನೊ ಇಟ್ಟ ಮೇಲೆ ಮಂಚ ಹಾಕಲು ಜಾಗವಿಲ್ಲದ್ದನ್ನು ನೋಡಿ, ಕಾಫಿ ಕುಡಿದು ಎದ್ದುಹೋದರು.

ಹಾಗಾಗಿ ಗುಬ್ಬಿಯಿಂದ ಕರೆ ಬಂದಾಗ ನಾನು ಮಗುವಿನಂತೆ ಕುಣಿದೆ. ಇಷ್ಟು ವರ್ಷದಲ್ಲಿ ನಮ್ಮ ಸೀಮೆಯ ಜನರ ಮುಂದೆ ಒಂದು ಕೃತಿಯನ್ನು ಪೂರ್ತಿ ನುಡಿಸಿದ್ದೇ ಇಲ್ಲ. ಕೊಬ್ಬರಿ ವ್ಯಾಪಾರದ ಬಸವರಾಜಪ್ಪನವರು ಕಲ್ಯಾಣ ಮಂಟಪ ಹಿಡಿದು, ಬೆಂಗಳೂರಿನಿಂದ ಪಿಯಾನೊ ತರಿಸಿ, ಜನರನ್ನೂ ಸೇರಿಸಿದ್ದರು. ನಾನು ನನಗೆ ಪ್ರಾಣವಾದ ಕೃತಿಯನ್ನೇ ಆರಿಸಿದ್ದೆ. ಅದರ ಎರಡನೆಯ ಭಾಗ ಬಹಳ ನಿಧಾನದ್ದು. ನನ್ನ ಒಂಟಿತನದ ಬಗ್ಗೆ ನಾನು ಯಾರಿಗೂ ಹೇಳದೆ ಇರುವುದೆಲ್ಲ ಅದರಲ್ಲಿದೆ ಎಂದು ನನಗನ್ನಿಸುತ್ತದೆ.

ಮೊದಲ ಭಾಗ ಚೆನ್ನಾಗಿಯೇ ಆಯಿತು. ಕೈಯೆತ್ತಿ, ತಲೆ ತಗ್ಗಿಸಿ ಕೂತೆ. ಸಭೆ ನಿಶ್ಶಬ್ದವಾಗಿತ್ತು. ನನ್ನ ಜನ ಎಷ್ಟು ರಸಿಕರು ಎಂದು ಕಣ್ಣು ತುಂಬಿ ಬರುವಷ್ಟರಲ್ಲಿ ತಲೆಯ ಮೇಲೆ ಏನೋ ಕೂತಿತು. ಮೈಸೂರು ಪೇಟ! ಹಿಂದೆಯೇ ಶಾಲು, ಹಾರ, ಹಣ್ಣಿನ ಬುಟ್ಟಿ. ಬಸವರಾಜಪ್ಪನವರು ಮೈಕು ಹಿಡಿದು "ಇಷ್ಟೊತ್ತು ಬೆವರು ಸುರ್ಸಿ ಬಾರ್ಸವ್ರೆ, ಪಾಪ ಸುಸ್ತಾಗವ್ರೆ, ಎಲ್ರೂ ಜೋರಾಗಿ ಚಪ್ಪಾಳೆ ತಟ್ರಪ್ಪಾ" ಎಂದರು. ವಂದನಾರ್ಪಣೆಯೂ ಆಗಿಹೋಯಿತು. ನಾನು ತಲೆ ತಗ್ಗಿಸಿದ್ದನ್ನು ಅವರು ಸನ್ಮಾನಕ್ಕೆ ತಲೆ ಒಡ್ಡಿದ್ದೆಂದು ತಿಳಿದಿದ್ದರು. ನಾನು ಬಾಯಿ ಬಿಡಲಿಲ್ಲ. ಉಪ್ಪಿಟ್ಟಿನ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ಹಾಗಲವಾಡಿಯ ಯಜಮಾನರೊಬ್ಬರು "ಅಷ್ಟ್ ದೊಡ್ಡ ಪೆಟ್ಗೆ ತರ್ಸಿ ಇಷ್ಟೇನಾ? ಇನ್ನೊಂಚೂರು ಬಾರ್ಸ್‌ಬೋದಿತ್ತು ಕಣಪ್ಪಾ" ಎಂದರು. ನಾನು ನಕ್ಕು ಉಪ್ಪಿಟ್ಟಿಗೆ ತಟ್ಟೆ ಒಡ್ಡಿದೆ. ತುಮಕೂರಿನ ಬಸ್ಸಿನಲ್ಲಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನಿಜವಾಗಿ ಅಳು ಬಂತು.

ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಮೊದಲಿನಿಂದ ನುಡಿಸಲು ಕೂತೆ. ಮೊದಲ ಭಾಗ ಮುಗಿಯಿತು. ಗರ್ರೆನ್ನುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ. ರಾತ್ರಿ ನಾನು ಬಂದಾಗಿನ ಮುಖ ನೋಡಿದ್ದಕ್ಕೋ ಏನೋ, ಅದರ ಬದಲು ಕೆಳಗಿನಿಂದ ಸಿದ್ದಗಂಗಮ್ಮನವರ ದನಿ ಬಂತು: "ಮುಗೀತೇನಪ್ಪಾ? ಚಟ್ನಿಗ್ ಹಾಕ್ಲಾ?" ಮೇಡಂ ಕಲಿಸಿದ್ದೆಲ್ಲ ಅದೆಲ್ಲಿ ಹೋಯಿತೋ, ನಾನು ಕಿಟಕಿಗೆ ಬಾಯಿಟ್ಟು ಕೂಗಿಬಿಟ್ಟೆ: "ಇಲ್ಲಮ್ಮಾ! ಇನ್ನೂ ಎರಡು ಭಾಗ ಬಾಕಿ ಇದೆ!"

"ಅಯ್ಯೋ, ಹೇಳ್‌ಬಾರ್ದಾ ಮತ್ತೆ? ದಿನಾ ಮುಗೀತು ಅನ್ಕೊಂಡೇ ಮಿಕ್ಸಿ ಹಾಕ್ತಿದ್ದೆ. ಬಾರ್ಸು, ಬಾರ್ಸು, ಕಾಯ್ತೀನಿ."

ಬಾಯಿಬಿಟ್ಟು ಹೇಳುವುದಷ್ಟೇ ಬೇಕಾಗಿತ್ತು. ಈ ಒಂದು ಮಾತನ್ನು ಗುಬ್ಬಿಯಲ್ಲಿ ಹೇಳಿದ್ದರೆ ಬಸವರಾಜಪ್ಪನವರು ಪೇಟ ವಾಪಸು ತೆಗೆದುಕೊಂಡು ಖುಷಿಯಾಗಿ ಕೂರುತ್ತಿದ್ದರು. ಎರಡನೆಯ ಭಾಗವನ್ನು ನುಡಿಸಿದೆ, ಮೂರನೆಯದನ್ನೂ ನುಡಿಸಿದೆ. ಕೆಳಗೆ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ. ಕೊನೆಯ ಸ್ವರ ಅಡಗಿದ ಮೇಲೆ "ಮುಗೀತಮ್ಮಾ" ಎಂದೆ. ಮಿಕ್ಸಿ ಗರ್ರೆಂದಿತು. ಎದ್ದು ನಿಂತು, ಅಭ್ಯಾಸಬಲದಿಂದ ನೆಲದ ಕಡೆಗೆ ಬಾಗಿ ನಮಸ್ಕರಿಸಿದೆ. ಪೇಟ ಜಾರಿ ಬಿತ್ತು. ಹೌದು, ಎದ್ದಾಗಿನಿಂದ ಅದನ್ನು ಹಾಕಿಕೊಂಡೇ ಕೂತಿದ್ದೆ. ಮನೆಯಲ್ಲಿ ನೋಡಿ ನಗುವುದಕ್ಕೆ ಇನ್ಯಾರಿದ್ದಾರೆ?